ಆರನೆಯ ಕರೆ

ಶನಿವಾರ, ಸಬ್ಬತ್ತಿನ ವಿಶ್ರಾಂತಿಯ ಬೆಳಿಗ್ಗೆ, ಧರ್ಮಗ್ರಂಥ ತೋರಾದ ಸುರುಳಿ ಓದುವಾಗ ಅದರ ಪಕ್ಕ ಹೋಗಿ ನಿಲ್ಲುವ ಕರೆ ಯೆಹೂದಿಗಳ ಆ ಸಭಾಮಂದಿರದಲ್ಲಿ ಹರಾಜಿಗೆ ಹೋಗುತ್ತದೆ. ಸುರುಳಿಗಳ ಗೂಡಿನ ಪರದೆ ಸರಿಸುವುದಕ್ಕೆ ಐವತ್ತೆರಡು ಶೆಕೆಲ್, ಮೂರನೆಯ ಕರೆಗೆ ನೂರ ಒಂದು, ಯಾರದಾದರೂ ಮದುವೆಯ ವಾರವಾದರೆ ಅದೇ ಮುನ್ನೂರಕ್ಕೂ ಏರುತ್ತದೆ. ಕಡೆಯ ಕರೆಗೆ ಒಣಹಣ್ಣಿನ ಅಂಗಡಿಯ ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಕೂಗಿ ಎಂಟುನೂರರವರೆಗೆ ತಂದದ್ದೂ ಉಂಟು. ಆ ದಿನ ದುಡ್ಡು ಮುಟ್ಟುವಂತಿಲ್ಲ, ಬರೆಯುವಂತಿಲ್ಲ. ಪಾರುಪತ್ಯ ನೋಡುವ ಮೆನಾಶೆ ಕೂಗಿದವನ ಹೆಸರಿನ ಚೀಟಿಯ ಅಂಚು ಮಡಚಿ ಇಟ್ಟುಕೊಂಡು ವಾರದೊಳಗೆ ಬಂದು ಕೇಳುತ್ತಾನೆ. ವರ್ಷದಲ್ಲಿ ಒಂದೇ ಒಂದು ಕರೆಗೆ ಬೆಲೆಯಿಲ್ಲ: ಬೇಸಿಗೆ ಮುಗಿಯುತ್ತ ಬರುವಾಗ ಓದುವ ಶಾಪಗಳ ಪಾಠದಲ್ಲಿ ಆರನೆಯದು. ಆಗ ಪಕ್ಕದಲ್ಲಿ ನಿಂತವನಿಗೇ ಶಾಪ ತಟ್ಟುತ್ತದೆಂದು ಎಲ್ಲರಿಗೂ ಭಯ; ಅದಕ್ಕೆ ಮಂದಿರವೇ ತಿರುಗಿ ಕೊಡಬೇಕು. ಅರ್ಧ ಬಾಟಲಿ ಅರಕ್, ಒಂದು ಡಬ್ಬಿ ಖರ್ಜೂರ.

ಇಷ್ಟು ಕಾಲ ಅದನ್ನು ತೆಗೆದುಕೊಳ್ಳುತ್ತಿದ್ದವನು ಮಂದಿರದ ಕಸ ಗುಡಿಸಿ ದೀಪ ಹಚ್ಚುವ ಗುರ್ಜಿ. ಹೆಂಡತಿ ಮಕ್ಕಳಿಲ್ಲ, ಸ್ವಂತ ಮನೆಯೂ ಇಲ್ಲ. "ಶಾಪ ನನ್ನ ಹುಡುಕ್ಕೊಂಡು ಬಂದ್ರೆ ವಿಳಾಸ ಸಿಗದೆ ವಾಪಸ್ ಹೋಗುತ್ತೆ" ಎಂದು ಅರಕ್ ಕುಡಿದು ನಗುತ್ತಿದ್ದ. ಈ ವಸಂತದಲ್ಲಿ ಅವನ ಮಂಡಿ ಹೋಯಿತು. ಸಮುದ್ರದ ಕಡೆಯ ಯಾವುದೋ ವೃದ್ಧಾಶ್ರಮಕ್ಕೆ ಸೇರಿಸಿದರು. ಆದ್ದರಿಂದ ಗುರುವಾರ ಮಧ್ಯಾಹ್ನ ಮೆನಾಶೆ ಮಾರುಕಟ್ಟೆಯ ಹಿಂದಿನ ಓಣಿಗೆ, ಮೆಟ್ಟಿಲ ಕೆಳಗಿನ ಚಪ್ಪಲಿ ರಿಪೇರಿಯ ಅಂಗಡಿಗೆ, ಒಂದು ಬೂಟು ಹಿಡಿದುಕೊಂಡು ಬಂದ.

ಹೆಸ್ಕೇಲ್ ಬೂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅದಕ್ಕೆ ಏನೂ ಆಗಿರಲಿಲ್ಲ. ಬೇರೇನೋ ಕೇಳಬೇಕಾದವರು ಗಟ್ಟಿಯಾದ ಬೂಟನ್ನೇ ತರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು.

"ಹಿಮ್ಮಡಿ ಸ್ವಲ್ಪ ನೋಡು."

"ನನಗಿಂತ ಗಟ್ಟಿಯಾಗಿದೆ."

ಮೆನಾಶೆ ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಟೋಪಿ ತೆಗೆದು ಹಾಕಿಕೊಂಡ. "ಈ ಸಲ ಗುರ್ಜಿ ಇಲ್ವಲ್ಲ."

"ಇಲ್ಲ."

"ಎಲ್ಲರನ್ನೂ ಕೇಳಿ ಆಯ್ತು ಮಾರಾಯ. ಮೀನಿನ ಯೋನಾ ಹೆಂಡತೀನ ಕೇಳಿ ಹೇಳ್ತೀನಿ ಅಂದ. ಆಮೇಲೆ ಬಂದು, ಮನೇಲಿ ಅವಳೇ ಇದ್ದಾಳಲ್ಲ, ಇನ್ನೊಂದು ಶಾಪ ಯಾಕೆ ಅಂದ." ಹೆಸ್ಕೇಲನಿಗೆ ನಗು ಬರಲಿಲ್ಲವೆಂದು ಕಂಡು ಮೆನಾಶೆ ಸ್ಟೂಲನ್ನು ಹತ್ತಿರ ಎಳೆದುಕೊಂಡ. "ಮಕ್ಕಳೊಂದಿಗರು ಹೆದರ್ತಾರೆ. ತಪ್ಪೇನಿಲ್ಲ. ಅದಕ್ಕೇ ನಾನು ಅಂದ್ಕೊಂಡೆ, ತಪ್ಪು ತಿಳೀಬೇಡ ಹೆಸ್ಕೇಲ್, ನಿಂಗಾದ್ರೆ, ಅಂದ್ರೆ, ಈಗ..."

"ಆಗೋದೆಲ್ಲ ಆಗಿಹೋಗಿದೆ."

"ನಾನು ಹಾಗಂದೆನಾ?"

"ನಾನಂದೆ. ಕಳ್ಕೊಳ್ಳೋಕೆ ಇನ್ನೇನೂ ಇಲ್ಲ. ಕರಿ, ಬರ್ತೀನಿ."

ಮೆನಾಶೆ ಎರಡು ಸಲ ಕೈ ಹಿಡಿದು ಅಲ್ಲಾಡಿಸಿ, ಬೂಟು ಮರೆತು ಹೊರಟು, ಅರ್ಧ ಓಣಿಯಿಂದ ಮರಳಿ ಬಂದು ಬೂಟು ತೆಗೆದುಕೊಂಡು ಹೋದ. ಹೆಸ್ಕೇಲನಿಗೆ ನೋವಾಗಲಿಲ್ಲ. ನೋವಾಗಬೇಕಾಗಿತ್ತು ಎಂಬುದನ್ನು ಮಾತ್ರ ಗಮನಿಸಿದ, ಜೋಮು ಹಿಡಿದ ಕಾಲಿನ ಮೇಲೆ ಸುತ್ತಿಗೆ ಬಿದ್ದದ್ದನ್ನು ನೋಡುವವನ ಹಾಗೆ. ಮೆನಾಶೆಯ ಲೆಕ್ಕ ಸರಿಯಾಗಿಯೇ ಇತ್ತು. ಹಿಂದೆ ಸಿಡುಬಿನ ಕೋಣೆಗೆ ಒಮ್ಮೆ ಸಿಡುಬು ಬಂದು ಹೋದವರನ್ನೇ ಕಳಿಸುತ್ತಿದ್ದರಂತೆ. ವಸಂತದ ಪಸ್ಕ ಹಬ್ಬ ಕಳೆದ ಮೇಲೆ ಹೆಂಡತಿ ನಜೀಮಾ ಸತ್ತಾಗ ಸೂತಕದಲ್ಲಿ ನೆಲದ ಮೇಲೆ ಕೂತಿದ್ದ ಅವನ ಮುಂದೆ ಬಂದವರೆಲ್ಲ ಎಲ್ಲರೂ ಹೇಳುವ ಮಾತನ್ನೇ ಹೇಳಿ ಹೋಗಿದ್ದರು: ಇನ್ನು ಮುಂದೆ ನಿಮಗೆ ದುಃಖವೆಂಬುದು ತಿಳಿಯದಿರಲಿ. ಅಷ್ಟು ಜನ ಒಟ್ಟಿಗೆ ಹರಸಿದ್ದಕ್ಕೋ ಏನೋ, ಅದು ಫಲಿಸಿತ್ತು. ದುಃಖ ತಿಳಿಯಲಿಲ್ಲ. ಅದರ ಜೊತೆಗೆ ಉಪ್ಪು ಹೆಚ್ಚಾದದ್ದೂ ತಿಳಿಯುತ್ತಿರಲಿಲ್ಲ, ಚಹಾ ಆರಿದ್ದೂ ತಿಳಿಯುತ್ತಿರಲಿಲ್ಲ. ಎದುರಿನ ಅಂಗಡಿಯವನು ರೇಡಿಯೋ ಜೋರಾಗಿ ಹಾಕಿದರೆ ಮೊದಲು ಜಗಳಕ್ಕೆ ಹೋಗುತ್ತಿದ್ದವನು ಈಗ ಅದು ಹಾಕಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕಾಗಿತ್ತು.

ಅವಳು ಸತ್ತ ದಿನ ಫೋನ್ ಬಂದಾಗ ಅವನ ಕೈಯಲ್ಲಿ ಯಾರೋ ಹೆಂಗಸಿನ ಜೋಡಿನ ಹಿಮ್ಮಡಿ ಇತ್ತು. ಅಂಟು ಹಚ್ಚಿ ಹದಕ್ಕೆ ಬಿಟ್ಟಿದ್ದ. ಹದ ಮೀರಿದರೆ ಮತ್ತೆ ಕೆರೆದು ಹಚ್ಚಬೇಕು. ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ಅವನು ಎರಡು ಹೆಬ್ಬೆರಳಿಂದ ಹಿಮ್ಮಡಿಯನ್ನು ಒತ್ತಿ ಹಿಡಿದೇ ಇದ್ದ. ಆಸ್ಪತ್ರೆಯಲ್ಲಿ ನಜೀಮಾಳ ಜೊತೆಗಿದ್ದು ಫೋನ್ ಮಾಡಿದ್ದು ಮಗಳು ಯಾಫಿತ್. ಅವನು ತಿರುಗಿ ಫೋನ್ ಮಾಡುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮೊದಲೇ ಎತ್ತಿದ್ದರೂ ಏನೂ ಬದಲಾಗುತ್ತಿರಲಿಲ್ಲ ಎಂದು ಡಾಕ್ಟರರು ಹೇಳಿದರು. ಆ ಹಿಮ್ಮಡಿ ಚೆನ್ನಾಗಿ ಕೂತಿತ್ತು. ಆ ಹೆಂಗಸು ಈಗಲೂ ಅದನ್ನು ಮೆಟ್ಟಿಕೊಂಡು ಅಂಗಡಿಯ ಮುಂದೆ ಓಡಾಡುತ್ತಾಳೆ, ನೋಡಿದರೆ ನಕ್ಕು ತಲೆಯಾಡಿಸುತ್ತಾಳೆ.

ಸಂಜೆಯವರೆಗೆ ಗಿರಾಕಿ ಬರಲಿಲ್ಲ. ಅವನು ಕೈ ಒರೆಸಿಕೊಂಡು ವಾರದ ಪಾಠ ತೆಗೆದ. ಪ್ರತಿ ಸಾಲನ್ನು ಎರಡು ಸಲ, ಅದರ ಹಳೆಯ ಅನುವಾದವನ್ನು ಒಂದು ಸಲ ಓದಿಕೊಳ್ಳುವುದು ಅಪ್ಪ ಬಾಗ್ದಾದಿನಿಂದ ತಂದ ರೂಢಿ. ಅದಕ್ಕೆ ಮನಸ್ಸು ಬೇಕೆಂದೇನಿಲ್ಲ, ತುಟಿ ಸಾಕು. ಮೊದಲ ಬೆಳೆಯ ಹಣ್ಣನ್ನು ಬುಟ್ಟಿಯಲ್ಲಿಟ್ಟು ಒಪ್ಪಿಸುವುದು ಬಂತು. ಆಶೀರ್ವಾದ ಬಂತು, ಬೇಗ ಮುಗಿಯಿತು. ಶಾಪ ಅದರ ನಾಲ್ಕರಷ್ಟು. ಕೊಡುವಾಗ ಹಿಡಿ, ಬಯ್ಯುವಾಗ ಮೂಟೆ. ಯಾವ ಮನೆಯಲ್ಲಿ ತಾನೇ ಹಾಗಿಲ್ಲ ಎಂದುಕೊಂಡ. ಕೊನೆಗೆ ಪೂರ್ವಿಕರು ಮರುಭೂಮಿಯಲ್ಲಿ ನಲವತ್ತು ವರ್ಷ ನಡೆದರೂ ಕಾಲಿನ ಜೋಡು ಸವೆಯಲಿಲ್ಲ ಎಂಬ ಮಾತು. ಆ ವಾರ ಬಂದಾಗೆಲ್ಲ ನಜೀಮಾ, "ನೋಡಿದ್ರಾ, ನಲವತ್ತು ವರ್ಷ ಒಂದು ಗಿರಾಕಿ ಇಲ್ಲ. ನಿಮ್ಮ ದೇವರು ಚಪ್ಪಲಿ ಹೊಲಿಯೋರ ಹೊಟ್ಟೆ ಮೇಲೆ ಹೊಡೆದ" ಎನ್ನುತ್ತಿದ್ದಳು. ಅದನ್ನು ಅವಳು ಹೇಳುವುದೂ ಅವನು ಹೊಸದಾಗಿ ಕೇಳಿದಂತೆ ನಗುವುದೂ ಆ ವಾರದ ಪಾಠದಲ್ಲೇ ಸೇರಿಹೋಗಿತ್ತು. ಈಗ ಆ ಸಾಲಿಗೆ ಬಂದು ನಿಂತ. ಸ್ವಲ್ಪ ಹೊತ್ತು ಕಾದ. ಎರಡನೆಯ ಸಲ ಓದಿದ.

ಆಮೇಲೆ ಹಾಳೆ ಹಿಂದಕ್ಕೆ ತಿರುವಿದ, ಶಾಪಗಳ ಕೊನೆಯಲ್ಲಿದ್ದ ಒಂದು ಸಾಲಿಗೆ. ಬೆಳಗಾದರೆ ಸಂಜೆಯಾಗಬಾರದೇ ಎನ್ನುವೆ, ಸಂಜೆಯಾದರೆ ಬೆಳಗಾಗಬಾರದೇ ಎನ್ನುವೆ. ಇಷ್ಟು ವರ್ಷ ಅದನ್ನು ಮುಂದೆಂದೋ ಆಗುವುದರ ಬೆದರಿಕೆಯೆಂದು ಕೇಳಿಸಿಕೊಂಡಿದ್ದ. ಈಗ ಯಾರೋ ಎದುರು ಮನೆಯ ಕಿಟಕಿಯಲ್ಲಿ ಕೂತು ತನ್ನ ದಿನವನ್ನು ನೋಡಿ ಹೇಳಿದ ಹಾಗಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲೆತ್ತುವಾಗ ಸಂಜೆಯ ಯೋಚನೆ, ಸಂಜೆ ಮನೆಯ ಕೀಲಿ ತಿರುಗಿಸುವಾಗ ಬೆಳಗಿನ ಯೋಚನೆ. ಯಾಕೆ ಹೀಗೆ ಎಂಬುದಕ್ಕೂ ಅಲ್ಲೇ ಕಾರಣ ಕೊಟ್ಟಿತ್ತು: ಎಲ್ಲ ತುಂಬಿದ್ದಾಗ ನೀನು ಸಂತೋಷವಾಗಿರಲಿಲ್ಲ, ಅದಕ್ಕೆ. ತಾನು ಸಂತೋಷವಾಗಿದ್ದೆನೇ ಎಂದು ನೆನೆಸಿಕೊಳ್ಳಲು ನೋಡಿದ. ಹೊಟ್ಟೆ ತುಂಬಿತ್ತು, ಅಂಗಿಗೆ ಗುಂಡಿ ಇತ್ತು. ಸಂತೋಷದ ಕೆಲಸವನ್ನು ನಜೀಮಾಳಿಗೆ ಬಿಟ್ಟಿದ್ದ, ನೆಂಟರ ಮದುವೆಗಳಿಗೆ ಹೋಗಿಬರುವುದನ್ನು ಬಿಟ್ಟಂತೆ. ಇಬ್ಬರ ಪರವಾಗಿ ಅವಳೊಬ್ಬಳು ಹೋಗಿಬಂದರೆ ಸಾಕಿತ್ತು. ಹಾಗಾದರೆ ಶನಿವಾರ ತಾನು ನಿಲ್ಲುವುದು ಸರಿಯೇ. ಆ ಸಾಲು ಓದುವಾಗ ಎದ್ದು, ಹೌದು, ಇಲ್ಲಿದ್ದೇನೆ ಎಂದು ನಿಂತರೆ ಆಯಿತು. ಅದನ್ನು ಎದುರು ನೋಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿತು; ತಿಂಗಳುಗಳಲ್ಲಿ ಮೊದಲ ಸಲ ಏನನ್ನಾದರೂ ಎದುರು ನೋಡಿದ್ದು.

ಶುಕ್ರವಾರ ಮಧ್ಯಾಹ್ನ ಯಾಫಿತ್ ಮನೆಗೆ ಬಂದಳು. ತಾಯಿ ಹೋದ ಮೇಲೆ ಪ್ರತಿ ಶುಕ್ರವಾರ ಅಕ್ಕಿ ಕೋಳಿ ತುಂಬಿದ ಪಾತ್ರೆ ತಂದು, ಸಬ್ಬತ್ತಿನ ರಾತ್ರಿಯಿಡೀ ಬೇಯಲು ಬಿಸಿ ತಗಡಿನ ಮೇಲೆ ಇಟ್ಟು ಹೋಗುತ್ತಾಳೆ. ಬಸುರಿ, ದಿನ ತುಂಬುತ್ತ ಬಂದಿತ್ತು. ಹಿಂದಿನ ಬಸಿರು ನಿಲ್ಲಲಿಲ್ಲ, ಆಗ ನಜೀಮಾ ಮಗಳ ಮಂಚದ ಪಕ್ಕದಲ್ಲೇ ಇದ್ದುಬಿಟ್ಟಿದ್ದಳು, ಅವನು ಎರಡು ಸಲ ಹೋಗಿ ಬಾಗಿಲಲ್ಲಿ ನಿಂತು ಬಂದಿದ್ದ. ನಜೀಮಾ ಮಗಳೊಂದಿಗೆ ಮಾತಾಡಿದರೆ ಪ್ರತಿ ಮಾತಿನ ತುದಿಗೂ ಬಾಗ್ದಾದಿನ ಹೆಂಗಸರ ಆ ಒಂದು ಮಾತು: ನಿನ್ನ ಬದಲು ನಾನು. ಹಾಲು ಕುಡಿ, ನಿನ್ನ ಬದಲು ನಾನು. ಬಾಗಿಲು ಹಾಕ್ಕೋ, ನಿನ್ನ ಬದಲು ನಾನು. ನಿನಗೆ ಬರುವುದೆಲ್ಲ ನನಗೆ ಬರಲಿ ಎಂದು ಅರ್ಥ. ಅಷ್ಟು ಸಲ ಹೇಳಿದರೆ ಯಾವ ಮಾತಿಗೂ ಅರ್ಥ ಉಳಿಯುವುದಿಲ್ಲ.

ಯಾಫಿತ್ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಮೀನಂಗಡೀಲಿ ಕೇಳಿದೆ. ನಿಜಾನಾ?"

"ಏನು?"

"ಏನೂ ಗೊತ್ತಿಲ್ಲದವನ ಹಾಗೆ ಆಡಬೇಡ ಅಪ್ಪಾ. ನಾಳೆ ಶಾಪಕ್ಕೆ ನೀನು ನಿಲ್ತೀಯಂತೆ."

"ಯಾರಾದ್ರೂ ನಿಲ್ಬೇಕಲ್ಲ. ನಿಂಗೆ ಇದರಲ್ಲೆಲ್ಲ ಯಾವಾಗಿಂದ ನಂಬಿಕೆ?"

"ನಂಗೆಲ್ಲಿ ನಂಬಿಕೆ? ಓಡಿಸ್ಬಾರದು ಅಂದ್ರೂ ಸಬ್ಬತ್ತಿನ ದಿನ ಕಾರು ಓಡಿಸೋಳು ನಾನು. ನಿಂತ್ಕೋ, ಕೂತ್ಕೋ, ನಂಗೇನು. ಆದ್ರೆ ಇನ್ನು ಕಳ್ಕೊಳ್ಳೋಕೆ ಏನೂ ಇಲ್ಲ ಅಂದ್ಯಂತೆ. ಯೋನಾನ ಹೆಂಡತಿ ಮೀನು ತೂಗ್ತಾ ತೂಗ್ತಾ ಹೇಳಿದಳು, ಪಾಪ ನಿಮ್ಮಪ್ಪ ಅಂತ. ನಾನು ಹೊಟ್ಟೆ ಇಷ್ಟು ಮುಂದೆ ಇಟ್ಕೊಂಡು ನಿಂತು ಕೇಳಿಸ್ಕೊಂಡೆ."

"ಅದು ಸುಮ್ನೆ ಮಾತಿಗೆ ಅಂದದ್ದು."

"ಮಾತಿಗೆ ಅಂದದ್ದೇ ನಿಜ. ಯೋಚನೆ ಮಾಡಿ ಹೇಳಿದ್ರೆ ನೀನು ಸುಳ್ಳು ಹೇಳಿರ್ತಿದ್ದೆ." ಅವಳು ಕುರ್ಚಿ ಎಳೆದಳು, ಕೂರಲಿಲ್ಲ. "ಎಷ್ಟು ಶುಕ್ರವಾರ ಬಂದಿದ್ದೀನಿ. ಹೇಗಿದ್ದೀಯ ಅಂತ ಒಂದು ಸಲ ಕೇಳಿದ್ಯಾ? ಚಪ್ಪಲಿ ಬಿಚ್ಚು, ಪಟ್ಟಿ ಬಿಗೀತಿದೆ ಅಂತೀಯ. ಕಾಲು ನೋಡ್ತೀಯ. ಕಾಲಿಂದ ಮೇಲೆ ನಾನಿದ್ದೀನಿ ಅಪ್ಪಾ."

ಅವಳು ಹಾಗೆನ್ನುವಾಗಲೂ ಅವನು ಅವಳ ಕಾಲನ್ನೇ ನೋಡುತ್ತಿದ್ದ. ಬಾತುಕೊಂಡಿತ್ತು. ಎರಡು ವಾರದ ಹಿಂದೆ ಎಡಗಾಲಿನ ಚಪ್ಪಲಿಗೆ ಅಗಲದ ಪಟ್ಟಿ ಹಾಕಿಕೊಟ್ಟಿದ್ದ. ಕಪ್ಪು ಚರ್ಮ ಮುಗಿದಿತ್ತೆಂದು ಕಂದು ಪಟ್ಟಿ. ಕಪ್ಪು ಬಂದ ಮೇಲೆ ಬದಲಾಯಿಸುತ್ತೇನೆ ಎಂದಿದ್ದ. ಕಪ್ಪು ಬಂದಿತ್ತು. ಈಗ ಏನಾದರೂ ಹೇಳಬೇಕು ಎಂದು ಅವನಿಗೆ ಗೊತ್ತಾಯಿತು, ಏನು ಹೇಳಬೇಕೆಂಬುದೂ ಗೊತ್ತಿತ್ತು, ಅದು ಎಲ್ಲೋ ಮೇಲಿನ ಅಟ್ಟದ ಮೇಲಿದ್ದಂತೆ, ಏಣಿ ತರಬೇಕಾದಂತೆ ಇತ್ತು.

"ಪಾತ್ರೆ ತಗಡಿನ ಮೇಲೆ ಇಡ್ಲಾ?" ಎಂದ.

ಅವಳು ಅವನನ್ನು ನೋಡಿದಳು. ತಾನೇ ಪಾತ್ರೆ ಎತ್ತಿ ಇಟ್ಟು, ಸುತ್ತ ಹಳೆಯ ಟವೆಲು ಸುತ್ತಿ, ಅಮ್ಮನಂತೆಯೇ ಮುಚ್ಚಳವನ್ನು ಒಮ್ಮೆ ತಟ್ಟಿ, ಬಾಗಿಲೆಳೆದುಕೊಂಡು ಹೋದಳು.

ಮೆನಾಶೆಗೆ ಫೋನ್ ಮಾಡಿ ಆಗುವುದಿಲ್ಲ ಎನ್ನಬಹುದಾಗಿತ್ತು. ಹೆಸ್ಕೇಲ್ ಸ್ನಾನ ಮಾಡಿದ, ಉಗುರು ಕತ್ತರಿಸಿದ, ಬಿಳಿ ಅಂಗಿ ಹಾಕಿಕೊಂಡ. ಫೋನ್ ಮೇಜಿನ ಮೇಲಿತ್ತು. ಮಂಚದ ಅಂಚಿನಲ್ಲಿ ಕೂತು ಅದನ್ನು ನೋಡುತ್ತಿದ್ದಾಗ ಊರಿನ ಮೇಲೆ ಸಬ್ಬತ್ತಿನ ಸೈರನ್ ಕೂಗಿತು. ಇನ್ನು ನಾಳೆ ಕತ್ತಲಾಗುವವರೆಗೆ ಫೋನ್ ಮುಟ್ಟುವಂತಿಲ್ಲ. ಅವನಿಗೆ ನಿರಾಳವಾಯಿತು. ಸೈರನ್ ಆಗಲೆಂದೇ ಕೂತಿದ್ದೆನೇ ಎಂಬ ಸಂಶಯ ಬಂದು, ಹೆಚ್ಚು ಹೊತ್ತು ನಿಲ್ಲದೆ ಹೋಯಿತು.

ಬೆಳಿಗ್ಗೆ ಮಂದಿರದಲ್ಲಿ ಎಲ್ಲರೂ ಅವನಿಗೆ ವಿಶೇಷ ಮರ್ಯಾದೆ ಕೊಟ್ಟರು. ಒಬ್ಬ ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟ. ಯೋನಾ ದೂರದಿಂದಲೇ ಎದೆ ಮುಟ್ಟಿಕೊಂಡು ನಮಿಸಿದ. ನಡುವಿನ ಸಾಲಿನಲ್ಲಿ ಹಾದು ಹೋಗುವಾಗ ಒಣಹಣ್ಣಿನ ಅಣ್ಣತಮ್ಮಂದಿರಲ್ಲಿ ಕಿರಿಯವನು ತನ್ನ ಪುಟ್ಟ ಮಗಳ ತಲೆಯನ್ನು ಪ್ರಾರ್ಥನೆಯ ಶಾಲಿನೊಳಗೆ ಎಳೆದುಕೊಂಡ. ಎಳೆದುಕೊಂಡದ್ದು ಹೆಸ್ಕೇಲನಿಗೆ ಕಂಡಿತೆಂದು ತಿಳಿದು, ಸೆಕೆಯಲ್ಲವೇ ಎಂಬಂತೆ ಶಾಲಿನಿಂದ ಗಾಳಿ ಬೀಸಿದ. ಹರಾಜಾಯಿತು. ಮೂರನೆಯದು ನೂರ ಮೂವತ್ತಕ್ಕೆ ಹೋಯಿತು. ಐದು ಜನ ಹೋಗಿ ನಿಂತಾಯಿತು. ಆಮೇಲೆ ಮೆನಾಶೆ ಸುರುಳಿ ಓದುವ ಕಟ್ಟೆಯ ಅಂಚಿಗೆ ಬಂದು, ಆ ಒಂದು ಕರೆಯಲ್ಲಿ ಯಾರ ಹೆಸರನ್ನೂ ಕೂಗುವ ಪದ್ಧತಿ ಇಲ್ಲವಾದ್ದರಿಂದ, ಯಾರನ್ನೂ ನೋಡದೆ, "ಬಯಸುವವನು ಎದ್ದು ಬರಲಿ" ಎಂದ. ಎಲ್ಲರೂ ಹೆಸ್ಕೇಲನ ಕಡೆ ತಿರುಗಿದರು.

ಅವನು ಹತ್ತಿದ. ಬೆಳ್ಳಿ ಹೊದಿಸಿದ ಮರದ ಕರಂಡಕದೊಳಗೆ ಸುರುಳಿ ನೆಟ್ಟಗೆ ನಿಂತಿತ್ತು. ಮೊದಲ ಸ್ತುತಿ ಹೇಳಿದ. ಆರನೆಯ ಪಾಠ ಶುರುವಾಗುವುದು ಆಶೀರ್ವಾದದ ಕೊನೆಯ ಸಾಲುಗಳಿಂದಲೇ. ಪಾಪ, ಬಂದವನ ಬಾಯಿಗೆ ಮೊದಲೇ ಕಹಿ ಬೇಡವೆಂದು. ಓದುವಾತ ಅಷ್ಟನ್ನು ಗಟ್ಟಿಯಾಗಿ ಹಾಡಿದ. ಆಮೇಲೆ ದನಿ ತಗ್ಗಿಸಿದ, ಬೇಗ ಬೇಗ ಓದತೊಡಗಿದ. ಶಾಪಗಳನ್ನು ಹಾಗೆಯೇ ಓದಬೇಕು, ಮಲಗಿದ ನಾಯಿಯ ಪಕ್ಕ ಹಾದು ಹೋಗುವ ಹಾಗೆ; ಮತ್ತೆ ನಡುವೆ ಎಲ್ಲೂ ನಿಲ್ಲಿಸುವಂತಿಲ್ಲ. ಜನ ನೆಲ ನೋಡುತ್ತಿದ್ದರು. ಹೆಸ್ಕೇಲ್ ಕೂಡ ನೆಲ ನೋಡಿದ. ಎಡಗಡೆಯಲ್ಲಿ ಹೆಂಗಸರ ಭಾಗಕ್ಕೆ ಅಡ್ಡ ಕಟ್ಟಿದ ಪರದೆ ನೆಲಕ್ಕೆ ಒಂದು ಗೇಣು ಉಳಿದಂತೆ ನಿಲ್ಲುತ್ತದೆ. ಆ ಗೇಣಿನಲ್ಲಿ ಮುದುಕಿಯರ ಅಗಲ ಕಪ್ಪು ಜೋಡುಗಳು. ಅರ್ಧಕ್ಕರ್ಧ ಅವನೇ ಅಟ್ಟೆ ಹಾಕಿದ್ದು. ಅವುಗಳ ನಡುವೆ ಒಂದು ಜೊತೆ ಚಪ್ಪಲಿ. ಎಡಗಾಲಿಗೆ ಕಂದು ಪಟ್ಟಿ.

ನಿನ್ನ ಒಡಲಿನ ಫಲಕ್ಕೆ ಶಾಪ, ಎಂದು ಓದುವಾತ ಗುಣುಗಿದ.

ಅವಳು ಇಲ್ಲಿಗೆ ಬಂದವಳಲ್ಲ. ಮದುವೆಯಾದ ಮೇಲೆ ಒಮ್ಮೆಯೂ ಇಲ್ಲ. ಹೊರಗೆ ಹೋಗು ಎಂದು ಕೈ ಮಾಡಬೇಕೆನ್ನಿಸಿತು. ಪರದೆಯ ಆಚೆ ಯಾರಿಗೆ ಕಾಣಬೇಕು? ಓದುವಾತನ ಬೆಳ್ಳಿಯ ಕಡ್ಡಿ ಸಾಲಿಂದ ಸಾಲಿಗೆ ಇಳಿಯುತ್ತಿತ್ತು. ರೋಗಗಳು ಬಂದವು, ಬರ ಬಂತು, ಕಟ್ಟಿದ ಮನೆಯಲ್ಲಿ ವಾಸವಿಲ್ಲದೆ ಹೋಯಿತು. ಅವನು ಆ ಕಾಲುಗಳನ್ನು ಬಿಟ್ಟು ಬೇರೇನೂ ನೋಡಲಿಲ್ಲ. ಬಲಗಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು, ನಜೀಮಾ ನಿಲ್ಲುತ್ತಿದ್ದ ಹಾಗೆ. ಗಂಡನ್ನೂ ಹೆಣ್ಣನ್ನೂ ಹೆರುವೆ, ಅವರು ನಿನ್ನವರಾಗಿ ಉಳಿಯರು, ಎಂದು ದನಿ ಹೇಳಿತು. ಎಡ ಹಿಮ್ಮಡಿ ನೆಲ ಬಿಟ್ಟು ಎದ್ದಿತು. ಚಪ್ಪಲಿ ಅಡ್ಡಕ್ಕೆ ಜರುಗಿತು. ಪರದೆಯ ಹಿಂದೆ ಕುರ್ಚಿ ಉರುಳಿದ ಸದ್ದು, ಹೆಂಗಸರ ಪಿಸುಮಾತು, ಕಪ್ಪು ಜೋಡುಗಳೆಲ್ಲ ಒಂದೇ ಕಡೆಗೆ ತಿರುಗಿದವು. ಆ ಗೇಣಿನಲ್ಲಿ ಕಂದು ಪಟ್ಟಿ ಇರಲಿಲ್ಲ.

ಓದುವಾತ ನಿಲ್ಲಿಸಲಿಲ್ಲ, ನಿಲ್ಲಿಸುವಂತೆಯೂ ಇರಲಿಲ್ಲ. ಹೆಸ್ಕೇಲನ ತುಟಿ ಅಲುಗಿತು. ನಿನ್ನ ಬದಲು ನಾನು, ಎಂದ. ಮತ್ತೆ ಎಂದ. ಓದುವಾತ ಕಣ್ಣಂಚಿನಲ್ಲಿ ನೋಡಿ ಇನ್ನಷ್ಟು ಬೇಗ ಓದಿದ. ಮೊಣಕಾಲಿನಿಂದ ಹೊಟ್ಟೆಗೆ ಏನೋ ತಣ್ಣಗೆ ಏರಿತು. ಅದು ಏನೆಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು, ಅಷ್ಟು ಕಾಲವಾಗಿತ್ತು. ದನಿ ಮತ್ತೆ ಎತ್ತರವಾದಾಗ ಮಾತ್ರ ಶಾಪ ಮುಗಿಯಿತೆಂದು ತಿಳಿಯಿತು. ಬೆಳಗು ಸಂಜೆಯ ಆ ಸಾಲು, ಗುರುವಾರದಿಂದ ತಾನು ಎದುರು ನೋಡಿದ್ದ ಸಾಲು, ಯಾವಾಗಲೋ ಬಂದು ಹೋಗಿತ್ತು. ಅವನು ಕೇಳಿರಲಿಲ್ಲ.

ಕೊನೆಯ ಸ್ತುತಿಗೆ ಬಾಯಿ ತೆಗೆದವನು ಮೊದಲಿನದನ್ನೇ ಹೇಳತೊಡಗಿದ. "ಅದಲ್ಲ, ಅದಲ್ಲ!" ಎಂದು ಇಡೀ ಮಂದಿರ ಕೂಗಿ ತಿದ್ದಿತು. ಮಕ್ಕಳಿಗೂ ಬಾಯಿಗೆ ಬರುವ ಸ್ತುತಿ ಅದು. ಮೆನಾಶೆ ಪದ ಪದ ಎತ್ತಿಕೊಟ್ಟ, ಅವನು ಹಿಂದಿನಿಂದ ಹೇಳಿದ. ಕರೆಗೆ ಹೋದವನು ಮುಂದಿನವನ ಓದು ಮುಗಿಯುವವರೆಗೆ ಕಟ್ಟೆಯ ಮೇಲೆಯೇ ನಿಲ್ಲಬೇಕು. ಹೆಸ್ಕೇಲ್ ನಿಲ್ಲಲಿಲ್ಲ. ಮೆನಾಶೆ ಶಾಲಿನ ತುದಿ ಹಿಡಿದ. ಶಾಲು ಅವನ ಕೈಯಲ್ಲೇ ಉಳಿಯಿತು. ಜೋಡು ಸವೆಯದ ನಲವತ್ತು ವರ್ಷದ ಮಾತು ಬೆನ್ನ ಹಿಂದೆ ಕೇಳುತ್ತಿರುವಾಗ ಅವನು ಪಕ್ಕದ ಬಾಗಿಲಿನಿಂದ ಅಂಗಳಕ್ಕೆ ಓಡಿದ.

ಯಾಫಿತ್ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಿದ್ದಳು. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದಳು.

"ಏನಾಯ್ತು? ಬಿದ್ದೆಯಾ?"

"ನಾನಲ್ಲ, ಕುರ್ಚಿ ಬಿತ್ತು. ಒಬ್ಬಳು ಮುದುಕಿ ಕೂತ್ಕೋ ಅಂತ ಪ್ರೀತಿಯಿಂದ ಕೊಟ್ಟಳು, ಮೂರು ಕಾಲಿಂದು."

"ಹೊಟ್ಟೆ?"

"ಒದೀತಿದೆ. ಅದಕ್ಕೂ ಒಳಗಿನ ಓದು ಇಷ್ಟ ಆಗಲಿಲ್ಲ ಅನ್ಸುತ್ತೆ."

"ಯಾಕೆ ಬಂದೆ ನೀನು? ಇವತ್ತೇ ಬರ್ಬೇಕಿತ್ತಾ?"

"ಏನೂ ಇಲ್ಲ ಅಂದ್ಯಲ್ಲ. ಎಣಿಸೋವಾಗ ತಪ್ಪಿದ್ಯೇನೋ, ನೋಡ್ಕೊಳ್ಳಲಿ ಅಂತ ಬಂದೆ."

ಅವನು ಅವಳ ಪಕ್ಕದಲ್ಲಿ ಕೂತ. ಬೆಳಿಗ್ಗೆ ಏನು ತಿಂದೆ ಎಂದ. ಡಾಕ್ಟರು ಯಾವಾಗ ಬಾ ಅಂದಿದ್ದಾರೆ, ನೋವು ಬಂದರೆ ಕಾರು ಯಾರು ಓಡಿಸುತ್ತಾರೆ, ಅಳಿಯನಿಗೆ ರಾತ್ರಿ ಪಾಳಿ ಇದ್ದರೆ ಏನು ಗತಿ, ಕಾಲು ಯಾವಾಗಿನಿಂದ ಇಷ್ಟು ಬಾತಿದೆ ಎಂದ. ಒಂದಕ್ಕೆ ಉತ್ತರ ಮುಗಿಯುವ ಮೊದಲೇ ಇನ್ನೊಂದು ಕೇಳಿದ. ಕೇಳಿದಷ್ಟೂ ಕೇಳಬೇಕಾದದ್ದು ಹೆಚ್ಚುತ್ತ ಹೋಯಿತು.

"ಅಯ್ಯೋ ಸಾಕು" ಎಂದಳು ಯಾಫಿತ್. "ಅಮ್ಮನ ಥರ ಶುರು ಮಾಡ್ಬೇಡ." ಆದರೆ ಎಲ್ಲದಕ್ಕೂ ಉತ್ತರ ಕೊಟ್ಟಳು.

ಪ್ರಾರ್ಥನೆ ಮುಗಿದ ಮೇಲೆ ಮೆನಾಶೆ ಶಾಲನ್ನೂ ಬಾಟಲಿಯನ್ನೂ ಡಬ್ಬಿಯನ್ನೂ ತಂದು ಮೆಟ್ಟಿಲ ಮೇಲಿಟ್ಟ. "ಬೆಂಕಿ ಬಿದ್ದವನ ಹಾಗೆ ಓಡಿದೆಯಲ್ಲೋ. ಮುಂದಿನ ವರ್ಷಾನೂ ನೀನೇ ತಾನೇ?"

"ಇಲ್ಲ" ಎಂದ ಹೆಸ್ಕೇಲ್. "ಬೇರೆ ಯಾರನ್ನಾದ್ರೂ ನೋಡ್ಕೋ. ಮನೇಲಿ ಮಗಳಿದ್ದಾಳೆ."

ಮೆನಾಶೆ ಒಮ್ಮೆ ಯಾಫಿತಳನ್ನೂ ಅವಳ ಹೊಟ್ಟೆಯನ್ನೂ ನೋಡಿ, ಮುಖ ಕೆಂಪಾಗಿ ಒಳಗೆ ಹೋದ.

ನಜೀಮಾಳಿಗಾಗಿ ಅಳು ಅಂದೂ ಬರಲಿಲ್ಲ. ಮಧ್ಯಾಹ್ನ ಅನ್ನದಲ್ಲಿ ಉಪ್ಪು ಹೆಚ್ಚಾಗಿತ್ತೋ ಕಡಿಮೆಯಾಗಿತ್ತೋ ಅದೂ ತಿಳಿಯಲಿಲ್ಲ. ಆ ಶನಿವಾರ ಹೆಸ್ಕೇಲನಿಗೆ ಸಿಕ್ಕಿದ್ದು ಅರ್ಧ ಬಾಟಲಿ ಅರಕ್, ಒಂದು ಡಬ್ಬಿ ಖರ್ಜೂರ ಮತ್ತು ಭಯ. ಹೋದದ್ದು, ಇನ್ನೇನೂ ಆಗಲಾರದು ಎಂಬ ನೆಮ್ಮದಿ.